ಮೆಣಸಿನಕಾಯಿ ಕಂಟೇನರ್ ವಿದೇಶಿ ಬಂದರಿನಲ್ಲಿ ಸಿಕ್ಕಿಬೀಳದಂತೆ ಕಳಿಸುವುದು ಹೇಗೆ: ಸುಂಕವಲ್ಲದ ತಡೆಗಳಿಗೆ ಸಮಗ್ರ ಮಾರ್ಗದರ್ಶಿ

"ಮಾಲು ಹೋಗಿ ಮುಟ್ಟಿದೆ ಸರ್, ಆದರೆ ಅಲ್ಲಿ ಹಿಡಿದಿಟ್ಟಿದ್ದಾರೆ." ಬ್ಯಾಡಗಿ, ಹುಬ್ಬಳ್ಳಿ ಕಡೆಯಿಂದ ಹೊಸದಾಗಿ ರಫ್ತಿಗೆ ಇಳಿದವರ ಫೋನು ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ಸುಂಕ ಎಷ್ಟು ಅಂತ ಎಲ್ಲರೂ ಮೊದಲೇ ವಿಚಾರಿಸಿರುತ್ತಾರೆ. ಕಂಟೇನರ್ ಬಾಡಿಗೆ, ಡಾಲರ್ ರೇಟು ಎಲ್ಲ ಲೆಕ್ಕ ಹಾಕಿರುತ್ತಾರೆ. ಮಾಲು ನಿಲ್ಲುವುದು ಇವು ಯಾವುದರಿಂದಲೂ ಅಲ್ಲ. ಕೀಟನಾಶಕದ ಉಳಿಕೆ, ಬೂಷ್ಟಿನ ವಿಷ, ಲೇಬಲ್, ಕೆಳಗೆ ಹಾಕಿದ ಮರದ ಹಲಗೆ, ಸರ್ಟಿಫಿಕೇಟಿನ ಒಂದು ತಪ್ಪು ಅಕ್ಷರ, ಇಂಥವುಗಳಿಂದ ನಿಲ್ಲುತ್ತದೆ. ಸರ್ಕಾರಿ ಕಾಗದದಲ್ಲಿ ಇವನ್ನೆಲ್ಲ ಒಟ್ಟಿಗೆ 'ಸುಂಕೇತರ ತಡೆ' ಎನ್ನುತ್ತಾರೆ.

ಸೋತವರೆಲ್ಲ ಮಾಡಿದ ತಪ್ಪು ಹೆಚ್ಚುಕಡಿಮೆ ಒಂದೇ. ಮೊದಲು ಮಾರ್ಕೆಟ್ಟಿನಲ್ಲಿ ಮಾಲು ಹಿಡಿದರು, ಆಮೇಲೆ ಗಿರಾಕಿ ಹುಡುಕಿದರು, ಕೊನೆಗೆ ಆ ದೇಶದ ನಿಯಮ ಓದಿದರು. ಈ ಕೆಲಸ ಪೂರ್ತಿ ತಿರುವುಮುರುವಾಗಿ ಆಗಬೇಕು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಐದನೆಯದನ್ನು ಮೂರನೆಯದಕ್ಕಿಂತ ಮೊದಲು ಮಾಡಿದರೆ ಈ ಬರಹದಿಂದ ನಿಮಗೆ ಉಪಯೋಗವಿಲ್ಲ.

ಉದಾಹರಣೆಗೆ ಒಣ ಮೆಣಸಿನಕಾಯಿ ತೆಗೆದುಕೊಂಡಿದ್ದೇನೆ, ಮುಖ್ಯವಾಗಿ ಯುರೋಪಿನ ದಾರಿ. ಅರಿಶಿನ, ಕಾಳುಮೆಣಸು, ಶುಂಠಿ ಕಳಿಸುವವರಿಗೂ ಹಂತಗಳು ಇವೇ. ಅಂಕಿಗಳು ಮಾತ್ರ ಅಲ್ಲಲ್ಲಿ ಬೇರೆ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದ್ದು

ಡಿಜಿಎಫ್‌ಟಿಯಿಂದ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಆಮದು-ರಫ್ತು ಕೋಡ್ ಬೇಕು, ಅಂದರೆ ಐಇಸಿ. ಸ್ಪೈಸಸ್ ಬೋರ್ಡಿನ ರಫ್ತುದಾರರ ನೋಂದಣಿ ಬೇಕು. ಇದು ಇಲ್ಲದೆ ಮಸಾಲೆ ಪದಾರ್ಥ ರಫ್ತು ಮಾಡುವ ಹಾಗೇ ಇಲ್ಲ. ಇವೆರಡನ್ನೂ ಬಹಳ ಜನ ಸರಿಯಾಗಿ ಮಾಡಿಕೊಂಡಿರುತ್ತಾರೆ.

ಬಿಟ್ಟುಹೋಗುವುದು ಸಣ್ಣ ಸಾಮಾನು. ಒಂದು ತೇವಾಂಶ ಮೀಟರ್. ಸ್ಯಾಂಪಲ್ ಹಾಕಲು ಬಿಗಿಯಾಗಿ ಮುಚ್ಚುವ ದಪ್ಪ ಕವರ್‌ಗಳು. ಅಳಿಸಲಾಗದ ಮಾರ್ಕರ್ ಪೆನ್ನು. ಜೊತೆಗೆ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್. ಇದಕ್ಕೆ ನಾನು ಲಾಟ್ ಪುಸ್ತಕ ಎನ್ನುತ್ತೇನೆ. ಲಾಟ್ ಎಂದರೆ ಒಟ್ಟಿಗೆ ಲೆಕ್ಕಕ್ಕೆ ಹಿಡಿಯುವ ಒಂದು ಕಂತಿನ ಮಾಲು. ಯಾವ ಚೀಲ ಯಾವ ರೈತರದು, ಎಂದು ಬಂತು, ತೇವ ಎಷ್ಟಿತ್ತು, ಯಾವ ಗೋದಾಮಿನ ಯಾವ ಮೂಲೆಯಲ್ಲಿದೆ, ಎಲ್ಲ ಅದರಲ್ಲಿ ಕೈಬರಹದಲ್ಲಿ ಇರಬೇಕು. ಕಂಪ್ಯೂಟರಿನಲ್ಲಿ ಆಮೇಲೆ ಹಾಕಿಕೊಳ್ಳಿ.

ಇನ್ನು ನಾಲ್ಕು ವೆಬ್‌ಸೈಟುಗಳು, ನಾಲ್ಕೂ ಉಚಿತ. ಯುರೋಪಿನ ನಿಯಮಕ್ಕೆ 'ಆಕ್ಸೆಸ್2ಮಾರ್ಕೆಟ್ಸ್'. ಕೀಟನಾಶಕದ ಮಿತಿಗೆ ಯುರೋಪಿಯನ್ ಕಮಿಷನ್‌ನ ಪೆಸ್ಟಿಸೈಡ್ ಡೇಟಾಬೇಸ್. ಯಾರ ಮಾಲು ಯಾಕೆ ನಿಂತಿತು ಎಂದು ನೋಡಲು 'ರಾಸ್ಫ್ ವಿಂಡೋ'. ಮುಂದೆ ಬರಲಿರುವ ನಿಯಮದ ಸುಳಿವಿಗೆ ವಿಶ್ವ ವ್ಯಾಪಾರ ಸಂಸ್ಥೆ ಸೇರಿ ನಡೆಸುವ 'ಇಪಿಂಗ್'. ಕೊನೆಯದರಲ್ಲಿ ನಿಮ್ಮ ಮಾಲು, ನಿಮ್ಮ ದೇಶಗಳನ್ನು ಗುರುತು ಹಾಕಿಟ್ಟರೆ ಇಮೇಲ್ ತಾನಾಗಿಯೇ ಬರುತ್ತದೆ.

ಹಂತ 1: ಎಚ್‌ಎಸ್ ಕೋಡ್ ಮತ್ತು ದೇಶ ಗಟ್ಟಿ ಮಾಡಿಕೊಳ್ಳಿ

ಎಚ್‌ಎಸ್ ಕೋಡ್ ಎಂದರೆ ಎಲ್ಲ ದೇಶಗಳ ಕಸ್ಟಮ್ಸ್ ಮಾಲನ್ನು ಗುರುತಿಸುವ ಸಂಖ್ಯೆ. ಇಡೀ ಒಣ ಕಾಯಿಯಾದರೆ ಕೋಡಿನ ಮೊದಲ ಆರು ಅಂಕಿ 090421. ಕುಟ್ಟಿದ್ದು ಅಥವಾ ಪುಡಿಯಾದರೆ 090422. ನಿಯಮ ಹುಡುಕುವುದು ಈ ಕೋಡಿನಿಂದಲೇ. ಕೋಡ್ ತಪ್ಪಿದರೆ ಮುಂದಿನದೆಲ್ಲ ಬೇರೆ ಮಾಲಿನ ನಿಯಮ ಓದಿದಂತೆ.

ದೇಶದ ವಿಚಾರದಲ್ಲಿ "ಫಾರಿನ್ ಗಿರಾಕಿ ಸಿಕ್ಕಿದ್ದಾರೆ" ಎಂದರೆ ಸಾಲದು. ಬ್ರಿಟನ್ ಈಗ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಅದರ ಕಾಗದಪತ್ರದ ವ್ಯವಸ್ಥೆಯೇ ಬೇರೆ. ದುಬೈನ ಗಿರಾಕಿ ಅಲ್ಲಿಂದ ಜರ್ಮನಿಗೆ ಮರುರಫ್ತು ಮಾಡುವವರಿರಬಹುದು. ಹಾಗಿದ್ದರೆ ನಿಮ್ಮ ಮಾಲು ಜರ್ಮನಿಯ ನಿಯಮಕ್ಕೆ ಒಗ್ಗಬೇಕು. ಮಾಲು ಕೊನೆಗೆ ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ಇಮೇಲಿನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ.

ನನ್ನನ್ನು ಕೇಳಿದರೆ, ಮೊದಲ ಕಂಟೇನರ್ ಯುರೋಪಿಗೆ ಬೇಡ. ಅಲ್ಲಿನ ಮಿತಿ ಬಿಗಿ, ತಪಾಸಣೆ ಜಾಸ್ತಿ, ತಪ್ಪಿಗೆ ಕೊಡುವ ಬೆಲೆಯೂ ಜಾಸ್ತಿ. ಬೇರೆ ಕಡೆ ಒಂದೆರಡು ಸಲ ಕಳಿಸಿ, ಲಾಟ್ ಪುಸ್ತಕ ಇಡುವ ಅಭ್ಯಾಸ ಆದಮೇಲೆ ಆ ಕಡೆ ಹೋಗಿ.

ಹಂತ 2: ಆ ದೇಶದ ನಿಯಮವನ್ನು ಒಂದೇ ಪುಟಕ್ಕೆ ಇಳಿಸಿ

ವೆಬ್‌ಸೈಟಿನಲ್ಲಿ ನಲವತ್ತು ಪುಟ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟುಕೊಂಡವರು ಓದಿದ್ದನ್ನು ನಾನು ಕಂಡಿಲ್ಲ. ನೀವೇ ಒಂದು ಪುಟ ಬರೆಯಿರಿ. ಯುರೋಪಿಗೆ ಒಣ ಮೆಣಸಿನಕಾಯಿ ಎಂದರೆ ಆ ಪುಟದಲ್ಲಿ ಇಷ್ಟು ಇರಲೇಬೇಕು.

ಅಫ್ಲಾಟಾಕ್ಸಿನ್ (ಬೂಷ್ಟಿನ ವಿಷ, ಬಿ1 ಅದರ ಒಂದು ಬಗೆ): ಬಿ1 ಕಿಲೋಗೆ 5 ಮೈಕ್ರೋಗ್ರಾಂ, ನಾಲ್ಕೂ ಬಗೆ ಸೇರಿ 10. ಓಕ್ರಾಟಾಕ್ಸಿನ್ (ಇನ್ನೊಂದು ಬೂಷ್ಟಿನ ವಿಷ): 20 ಮೈಕ್ರೋಗ್ರಾಂ. ಎಥಿಲೀನ್ ಆಕ್ಸೈಡ್ (ಸೂಕ್ಷ್ಮಾಣು ಕೊಲ್ಲಲು ಬಳಸುವ ಅನಿಲ): ಕಿಲೋಗೆ 0.1 ಮಿಲಿಗ್ರಾಂ. ಪ್ರತ್ಯೇಕ ಮಿತಿ ಹೇಳದ ಕೀಟನಾಶಕಗಳಿಗೆಲ್ಲ 0.01 ಮಿಲಿಗ್ರಾಂ. ಸಾಲ್ಮೊನೆಲ್ಲಾ (ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ): 25 ಗ್ರಾಂನಲ್ಲಿ ಇರಲೇಕೂಡದು. ಸುಡಾನ್ ಬಣ್ಣಗಳು (ಕೆಂಪು ಹೆಚ್ಚಿಸಲು ಬೆರೆಸುವ ಕೃತಕ ಬಣ್ಣ): ಸುತರಾಂ ಇಲ್ಲ. 2003ರಲ್ಲಿ ಸುಡಾನ್ ಬಣ್ಣ ಸಿಕ್ಕಾಗಿನಿಂದ ಮೆಣಸಿನಪುಡಿಯನ್ನು ಯುರೋಪು ಅನುಮಾನದ ಕಣ್ಣಿನಿಂದಲೇ ನೋಡುತ್ತದೆ.

5 ಮೈಕ್ರೋಗ್ರಾಂ ಎಂದರೆ ಎಷ್ಟು ಅಂತ ತಲೆಗೆ ಹೋಗುವುದಿಲ್ಲ ಅಲ್ವಾ? ಹೀಗೆ ಲೆಕ್ಕ ಹಾಕಿ. ಒಂದು ಟನ್ ಕಾಯಿಯಲ್ಲಿ 5 ಮಿಲಿಗ್ರಾಂ. ಹತ್ತು ಟನ್ ಮಾಲಿನಲ್ಲಿ ಒಟ್ಟು 50 ಮಿಲಿಗ್ರಾಂ ದಾಟಿದರೆ ಮಾಲು ಫೇಲ್. ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ ಅದು. ಅಮೆರಿಕದಲ್ಲಿ ಒಟ್ಟು ಅಫ್ಲಾಟಾಕ್ಸಿನ್ 20 ಮೈಕ್ರೋಗ್ರಾಂವರೆಗೆ ನಡೆಯುತ್ತದೆ, ಜಪಾನಿನಲ್ಲಿ 10. ಅಲ್ಲಿ ಪಾಸಾದ ಮಾಲು ಯುರೋಪಿನಲ್ಲೂ ಪಾಸಾಗುತ್ತದೆ ಎಂದು ಯಾರೂ ಭರವಸೆ ಕೊಡಲಾಗದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೆಣಸಿನಕಾಯಿಯ ಕೀಟನಾಶಕ ಮಿತಿಯನ್ನು ಯುರೋಪು ಹಸಿ ಕಾಯಿಗೆ ಇಟ್ಟಿದೆ. ಒಣಗಿದಾಗ ನೀರು ಹೋಗಿ ಉಳಿಕೆ ಗಟ್ಟಿಯಾಗುತ್ತದಲ್ಲ, ಅದಕ್ಕೆ ಒಂದು ಗುಣಕ ಹಾಕಿ ಲೆಕ್ಕ ಮಾಡುತ್ತಾರೆ. ನಿಮ್ಮ ಗಿರಾಕಿ ಯಾವ ಗುಣಕ ಹಾಕುತ್ತಾರೆ ಎಂದು ಆರ್ಡರ್ ಒಪ್ಪುವ ಮೊದಲೇ ಲಿಖಿತವಾಗಿ ಕೇಳಿ. ನೀವು ಪಾಸ್ ಎಂದುಕೊಂಡದ್ದು ಅವರ ಲೆಕ್ಕದಲ್ಲಿ ಫೇಲ್ ಆಗುವುದು ಇಲ್ಲೇ.

ಪುಟದ ಮೂಲೆಯಲ್ಲಿ ಬರೆದ ದಿನಾಂಕ ಹಾಕಿ. ಕಂಟೇನರ್ ತುಂಬುವ ವಾರ ಮತ್ತೊಮ್ಮೆ ಎಲ್ಲ ಅಂಕಿ ತಾಳೆ ನೋಡಿ.

ಹಂತ 3: ಬೇರೆಯವರ ಮಾಲು ಯಾಕೆ ನಿಂತಿತು ಎಂದು ಓದಿ

'ರಾಸ್ಫ್' ಎಂದರೆ ಯುರೋಪಿನ ಆಹಾರ ಎಚ್ಚರಿಕೆ ಜಾಲ. ಯಾವ ದೇಶದ ಯಾವ ಮಾಲಿನಲ್ಲಿ ಏನು ಸಿಕ್ಕಿತು, ಎಷ್ಟು ಸಿಕ್ಕಿತು ಎಂದು ಅಲ್ಲಿ ಯಾರು ಬೇಕಾದರೂ ನೋಡಬಹುದು. ಭಾರತ, ಮೆಣಸಿನಕಾಯಿ ಎಂದು ಹಾಕಿ ಕಳೆದ ಎರಡು ವರ್ಷದ್ದು ಓದಿ. ಒಂದು ಸಂಜೆಯ ಕೆಲಸ. ಸಿಕ್ಕ ರಾಸಾಯನಿಕಗಳ ಹೆಸರನ್ನು ನಿಮ್ಮ ಒಂದು ಪುಟದ ಹಿಂಬದಿಗೆ ಬರೆದುಕೊಳ್ಳಿ. ಲ್ಯಾಬಿಗೆ ಕೊಡುವಾಗ ಈ ಹೆಸರುಗಳು ಪರೀಕ್ಷೆಯ ಪಟ್ಟಿಯಲ್ಲಿ ಇವೆಯೇ ಎಂದು ನೋಡಬೇಕು.

ಜೊತೆಗೆ 2019/1793 ಎಂಬ ಯುರೋಪಿನ ನಿಯಮ ತೆಗೆದು ನೋಡಿ. ಯಾವ ದೇಶದ ಯಾವ ಮಾಲನ್ನು ಗಡಿಯಲ್ಲಿ ಹೆಚ್ಚು ತಪಾಸಣೆ ಮಾಡಬೇಕು, ನೂರಕ್ಕೆ ಎಷ್ಟು ಸರಕನ್ನು ತಡೆದು ನೋಡಬೇಕು ಎಂಬ ಪಟ್ಟಿ ಅದರಲ್ಲಿದೆ. ಆರು ತಿಂಗಳಿಗೊಮ್ಮೆ ಪಟ್ಟಿ ಪರಿಷ್ಕರಣೆ ಆಗುತ್ತದೆ. ನಿಮ್ಮ ಮಾಲಿನ ಶೇಕಡಾವಾರು ಏರಿದ್ದರೆ ಅದು ಮುನ್ಸೂಚನೆ. ಬಂದರಿನಲ್ಲಿ ಹೆಚ್ಚು ದಿನ ನಿಲ್ಲುವ ಖರ್ಚನ್ನು ದರದಲ್ಲಿ ಸೇರಿಸಿಕೊಳ್ಳಿ.

ಹಂತ 4: ಹೊಲದಲ್ಲಿ ಏನು ಹೊಡೆದಿದ್ದಾರೆ ತಿಳಿದುಕೊಳ್ಳಿ

ಕೀಟನಾಶಕದ ಉಳಿಕೆಯನ್ನು ತೊಳೆದೋ ಒಣಗಿಸಿಯೋ ತೆಗೆಯಲು ಬರುವುದಿಲ್ಲ. ಹೊಲದಲ್ಲಿ ಸರಿ ಇರಬೇಕು, ಇಲ್ಲವಾದರೆ ಇಲ್ಲ. ಮಾರ್ಕೆಟ್ಟಿನ ಟೆಂಡರಿನಲ್ಲಿ ಕೊಂಡ ಮಾಲಿಗೆ ಈ ಚರಿತ್ರೆ ಸಿಗುವುದಿಲ್ಲ. ಒಂದೇ ದಿನ ಹಾವೇರಿ, ಗದಗ, ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿಯೂ ಅಲ್ಲಿ ಬಂದು ಬಿದ್ದಿರುತ್ತದೆ. ಯುರೋಪಿಗೆ ಕಳಿಸುವುದಾದರೆ ರೈತರ ಒಂದು ಗುಂಪು ಅಥವಾ ರೈತ ಉತ್ಪಾದಕ ಕಂಪನಿಯ ಜೊತೆ ನಾಟಿಗೆ ಮೊದಲೇ ಮಾತಾಡಿಕೊಳ್ಳಿ.

ಅವರಿಗೆ ಕೊಡಬೇಕಾದ್ದು ಎರಡು ಪಟ್ಟಿ: ಹೊಡೆಯಬಹುದಾದ ಔಷಧ, ಮುಟ್ಟಲೇಬಾರದ ಔಷಧ. ಕ್ಲೋರ್‌ಪೈರಿಫಾಸ್ ಎರಡನೆಯದರಲ್ಲಿ ಮೊದಲ ಹೆಸರು. 2020ರ ನವೆಂಬರಿನಿಂದ ಯುರೋಪಿನಲ್ಲಿ ಅದರ ಮಿತಿ 0.01ಕ್ಕೆ ಇಳಿದಿದೆ. ಅಂಗಡಿಯಲ್ಲಿ ಮಾರುವುದು ಬ್ರಾಂಡ್ ಹೆಸರಿನಲ್ಲಿ, ಹಾಗಾಗಿ ರೈತರಿಗೆ ರಾಸಾಯನಿಕದ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಅದು ಎಲ್ಲಿ ಇರುತ್ತದೆ ಎಂದು ಬೆರಳಿಟ್ಟು ತೋರಿಸಿ. ಔಷಧದ ಬಿಲ್ಲಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಲು ಹೇಳಿ. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕು ಎಂಬುದೂ ಅದೇ ಡಬ್ಬಿಯ ಮೇಲಿರುತ್ತದೆ.

ಎಚ್ಚರಿಕೆ: "ನಾವು ಏನೂ ಹೊಡೆದೇ ಇಲ್ಲ" ಎಂದು ಯಾರಾದರೂ ಹೇಳಿದರೆ ಅವರ ಮಾಲನ್ನು ಮೊದಲು ಪರೀಕ್ಷೆ ಮಾಡಿಸಿ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಪಕ್ಕದ ಹೊಲದಲ್ಲಿ ಹೊಡೆದದ್ದು ಗಾಳಿಗೆ ಹಾರಿ ಬಂದರೂ 0.01 ದಾಟಲು ಸಾಕು.

ಹಂತ 5: ಕಣದಲ್ಲಿ ತೇವ ಇಳಿಸಿ, ಮತ್ತೆ ಏರದಂತೆ ಕಾಯಿರಿ

ಅಫ್ಲಾಟಾಕ್ಸಿನ್ ಹುಟ್ಟುವುದು ಬೂಷ್ಟಿನಿಂದ, ಬೂಷ್ಟು ಹುಟ್ಟುವುದು ತೇವದಿಂದ. ಕಾಯಿಯ ತೇವ 10ರಿಂದ 11 ಶೇಕಡಾಕ್ಕೆ ಇಳಿಯಬೇಕು. ಬರೀ ಮಣ್ಣಿನ ಮೇಲೆ ಒಣಗಿಸಬಾರದು. ಟಾರ್ಪಾಲಿನ್ ಅಥವಾ ಸಿಮೆಂಟ್ ಕಣ ಬೇಕು. ಸಂಜೆ ಗುಡ್ಡೆ ಮಾಡಿ ಹೊದಿಸಬೇಕು, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹರಡಬೇಕು. ಮೀಟರ್ ಇಲ್ಲದ ಕಡೆ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಬೀಜ ಗಲಗಲ ಅನ್ನಬೇಕು. ಮಂಕಾಗಿ ಸದ್ದು ಬಂದರೆ ಇನ್ನೂ ಬಿಸಿಲು ಬೇಕು. ಇದು ಅಂದಾಜಿಗೆ ಮಾತ್ರ, ಕೊಳ್ಳುವ ತೀರ್ಮಾನಕ್ಕೆ ಮೀಟರೇ ಬೇಕು.

ಒಣಗಿಸುವುದನ್ನು ಬಹಳ ರೈತರು ಚೆನ್ನಾಗಿಯೇ ಮಾಡುತ್ತಾರೆ. ಕೆಡುವುದು ಚೀಲ ತುಂಬುವ ದಿನ. ಬಣಬಣ ಒಣಗಿದ ಬ್ಯಾಡಗಿ ಕಾಯಿ ಚೀಲಕ್ಕೆ ತುಳಿದು ತುಂಬುವಾಗ ಮುರಿಯುತ್ತದೆ. ಮುರಿದರೆ ರೇಟು ಬೀಳುತ್ತದೆ. ಅದಕ್ಕೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು ತುಂಬುವುದು ಹಳೆಯ ರೂಢಿ. ಒಂದು ಸಲ ಶಿಗ್ಗಾಂವಿ ಹತ್ತಿರದ ಕಣದಲ್ಲಿ ಹಿರಿಯರೊಬ್ಬರು ಬಿಂದಿಗೆ ಹಿಡಿದು ನಿಂತಿದ್ದರು. "ಯಜಮಾನ್ರ, ನೀರು ಬ್ಯಾಡ್ರೀ" ಅಂದೆ. "ನೀರ ಹೊಡೀಲಿಲ್ಲಂದ್ರ ಕಾಯಿ ಪುಡಿ ಆಕ್ಕಾವ್ರೀ, ಆ ಲುಕ್ಸಾನ ಯಾರು ಕೊಡವ್ರು?" ಅಂದರು. ಅವರ ಪ್ರಶ್ನೆ ನ್ಯಾಯವಾದದ್ದು. ಆ ಲುಕ್ಸಾನ ನಾವು ಕೊಡಬೇಕು. ಅಂದಿನಿಂದ ನೀರು ಹಾಕದ ಮಾಲಿಗೆ ದರದಲ್ಲಿ ಸ್ವಲ್ಪ ಜಾಸ್ತಿ ಸೇರಿಸಿ, ಮುರುಕು ಕಾಯಿಗೆ ಇಂತಿಷ್ಟು ವಿನಾಯಿತಿ ಎಂದು ಮೊದಲೇ ಬರೆದುಕೊಡುತ್ತೇವೆ. ನೀರಿನ ಬದಲು ನಸುಕಿನ ತಂಪಿನಲ್ಲಿ ತುಂಬಿದರೆ ಕಾಯಿ ತಾನೇ ಸ್ವಲ್ಪ ಬಾಗುತ್ತದೆ. ತುಂಬಿದ ಮೇಲೆ ಮೀಟರ್ ಹಿಡಿದು ನೋಡುವುದು ತಪ್ಪಬಾರದು.

ಚೀಲಕ್ಕೆ ನೀರು ಹೋಗಿದೆಯೇ ಎಂದು ಕಂಡುಹಿಡಿಯಲು ಮೇಲಿನ ಕಾಯಿ ನೋಡಿದರೆ ಪ್ರಯೋಜನ ಇಲ್ಲ. ಚೀಲದ ನಡುವಿಗೆ ಮೊಣಕೈವರೆಗೂ ಕೈ ಹಾಕಿ. ಒಳಗೆ ಬೆಚ್ಚಗೆ ಅನಿಸಿದರೆ, ಹಳೆಯ ಗೋಣಿಯ ಮುಗ್ಗು ವಾಸನೆ ಬಂದರೆ, ಆ ಚೀಲ ಪಕ್ಕಕ್ಕೆ ಇಡಿ. ಅಲ್ಲಿಂದ ಹತ್ತು ಕಾಯಿ ತೆಗೆದು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ. ಹೊರಗೆ ಕಡುಗೆಂಪು ಸುಕ್ಕು, ಕಣ್ಣಿಗೆ ಹಬ್ಬ. ಒಳಗೆ ಬೀಜದ ಸುತ್ತ ಬೂದಿ ಮೆತ್ತಿದ ಹಾಗೆ ತೆಳು ಬೂಷ್ಟು ಇರುತ್ತದೆ. ಬ್ಯಾಡಗಿ ಕಾಯಿಯ ಸುಕ್ಕು ಎಲ್ಲವನ್ನೂ ಮುಚ್ಚಿಡುತ್ತದೆ, ಸೀಳದೆ ಕಾಣುವುದಿಲ್ಲ.

ಕೆಟ್ಟ ಚೀಲವನ್ನು ಒಳ್ಳೆಯ ಹತ್ತು ಚೀಲದ ಜೊತೆ ಬೆರೆಸಿದರೆ ಸರಾಸರಿ ಸರಿಹೋಗುತ್ತದೆ ಎಂಬ ಲೆಕ್ಕ ಕೆಲವರದು. ಯುರೋಪಿನ ನಿಯಮ ಇದನ್ನು ನೇರವಾಗಿ ನಿಷೇಧಿಸಿದೆ. ಅದಿರಲಿ, ಊಟದ ತಟ್ಟೆಗೆ ಹೋಗುವ ಪದಾರ್ಥ ಇದು. ಹಾಗೆ ಮಾಡಬೇಡಿ.

ಹಂತ 6: ಸ್ಯಾಂಪಲ್ ಸರಿಯಾಗಿ ತೆಗೆಯಿರಿ, ಲ್ಯಾಬಿಗೆ ಸರಿಯಾದ ಪ್ರಶ್ನೆ ಕೇಳಿ

ಹೆಚ್ಚು ಜನ ಸೋಲುವ ಹಂತ ಇದು. ನಾನೂ ಸೋತಿದ್ದೇನೆ. ಶುರುವಿನ ವರ್ಷಗಳಲ್ಲಿ ಒಂದು ಲಾಟಿಗೆ ಲ್ಯಾಬಿನಿಂದ ಕ್ಲೀನ್ ರಿಪೋರ್ಟ್ ಬಂತು. ಅಲ್ಲಿಗೆ ಹೋದ ಮೇಲೆ ಅಫ್ಲಾಟಾಕ್ಸಿನ್ ಮಿತಿಗಿಂತ ಬಹಳ ಜಾಸ್ತಿ ಎಂದು ಮಾಲು ತಡೆದರು. ಲ್ಯಾಬ್ ತಪ್ಪು ಮಾಡಿತು ಎಂದೇ ಎಷ್ಟೋ ದಿನ ನಂಬಿದ್ದೆ. ಆಮೇಲೆ ಗೊತ್ತಾಯಿತು, ಬಾಗಿಲ ಹತ್ತಿರದ ಮೂರು ಚೀಲದಿಂದ ಚೆನ್ನಾಗಿ ಕಂಡ ಕಾಯಿ ಆರಿಸಿ ಕಳಿಸಿದ್ದು ನಾನೇ. ಆ ಮಾಲಿನಲ್ಲಿ ಹಾಕಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು.

ಅಫ್ಲಾಟಾಕ್ಸಿನ್ ಮಾಲಿನ ತುಂಬ ಸಮನಾಗಿ ಹರಡಿರುವುದಿಲ್ಲ. ಒಂದು ಚೀಲದ ಒಂದು ಮುಷ್ಟಿ ಕಾಯಿಯಲ್ಲಿ ಎಲ್ಲ ಕೂತಿರಬಹುದು. ಆದ್ದರಿಂದ ಹತ್ತಾರು ಚೀಲಗಳಿಂದ, ಮೇಲೆ, ನಡುವೆ, ತಳದಿಂದ, ನೋಡದೆ ತೆಗೆಯಬೇಕು. ದೊಡ್ಡ ಲಾಟಿಗೆ ಕಿಲೋಗಟ್ಟಲೆ ಕಾಯಿ ಸೇರಬೇಕು. ಅಷ್ಟನ್ನೂ ಒಟ್ಟಿಗೆ ಪುಡಿ ಮಾಡಿಸಿ, ಚೆನ್ನಾಗಿ ಕಲಸಿ, ಮೂರು ಭಾಗ ಮಾಡಿ ಸೀಲ್ ಹಾಕಿ. ಒಂದು ಲ್ಯಾಬಿಗೆ, ಒಂದು ಗಿರಾಕಿಗೆ, ಒಂದು ನಿಮ್ಮ ಬೀರುವಿಗೆ. ಮುಂದೆ ತಕರಾರು ಬಂದರೆ ಮೂರನೆಯದು ನಿಮ್ಮ ಸಾಕ್ಷಿ.

ಲ್ಯಾಬ್ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದಿದ್ದರೆ ಸಾಕು ಅಂದುಕೊಳ್ಳಬೇಡಿ. ಮಾನ್ಯತೆಯ ವ್ಯಾಪ್ತಿಯಲ್ಲಿ ಮಸಾಲೆ ಪದಾರ್ಥ ಮತ್ತು ನಿಮಗೆ ಬೇಕಾದ ಪರೀಕ್ಷೆ ಎರಡೂ ಇವೆಯೇ ಎಂದು ಕೇಳಿ. ಮುಂದಿನ ಪ್ರಶ್ನೆ: "ನೀವು ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲಿರಿ?" ಮಿತಿ 0.01 ಇದ್ದು, ಲ್ಯಾಬಿನ ಅಳತೆ 0.05ಕ್ಕೆ ನಿಂತರೆ, 'ಪತ್ತೆಯಾಗಿಲ್ಲ' ಎಂದು ಬಂದ ರಿಪೋರ್ಟಿಗೆ ಅರ್ಥವಿಲ್ಲ. ಅವರಿಗೆ ಕಾಣದ್ದು ಯುರೋಪಿನ ಲ್ಯಾಬಿಗೆ ಕಾಣುತ್ತದೆ.

ಎಥಿಲೀನ್ ಆಕ್ಸೈಡ್ ಪರೀಕ್ಷೆಯಲ್ಲಿ ಇನ್ನೊಂದು ಗುಂಡಿ. ಅದು ಪದಾರ್ಥದಲ್ಲಿ ಬಹಳ ಹೊತ್ತು ಹಾಗೇ ಇರುವುದಿಲ್ಲ, 2-ಕ್ಲೋರೋಎಥನಾಲ್ ಆಗಿ ಬದಲಾಗುತ್ತದೆ. ಯುರೋಪು ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಬರೀ ಮೊದಲನೆಯದನ್ನು ಅಳೆದ ರಿಪೋರ್ಟ್ ಕೊಟ್ಟು ಸಿಕ್ಕಿಬಿದ್ದವರಿದ್ದಾರೆ.

ಫಲಿತಾಂಶ ಮಿತಿಯ ಹತ್ತಿರ ಬಂದರೆ ಏನು ಮಾಡಬೇಕು? ನನ್ನ ನಿಯಮ, ಮಿತಿಯ ಅರ್ಧ ದಾಟಿದರೆ ಆ ಲಾಟ್ ಆ ದೇಶಕ್ಕೆ ಹೋಗುವುದಿಲ್ಲ. ಬಿ1 ನಾಲ್ಕು ಬಂದರೆ ಕಾಗದದ ಮೇಲೆ ಪಾಸ್. ಆದರೆ ಇನ್ನೊಂದು ಸ್ಯಾಂಪಲ್ ತೆಗೆದರೆ ಏಳು ಬರಬಹುದು.

ಈ ಪರೀಕ್ಷೆ ಮುಗಿಯಬೇಕಾದ್ದು ರೈತರಿಗೆ ಪೂರ್ತಿ ಹಣ ಕೊಟ್ಟು ಮಾಲು ನಿಮ್ಮದಾಗುವ ಮುಂಚೆ. ಮುಂಗಡ ಕೊಡಿ, ಫಲಿತಾಂಶ ಬಂದ ಮೇಲೆ ಉಳಿದದ್ದು ಎಂದು ಇಬ್ಬರೂ ಮೊದಲೇ ಒಪ್ಪಿಕೊಳ್ಳಿ. ಇದರ ಮೇಲೆ ಸ್ಪೈಸಸ್ ಬೋರ್ಡ್ ಕೆಲವು ಮಸಾಲೆಗೆ, ಕೆಲವು ದೇಶಕ್ಕೆ ತನ್ನದೇ ಕಡ್ಡಾಯ ಪರೀಕ್ಷೆ ಇಟ್ಟಿದೆ. 2024ರ ಏಪ್ರಿಲಿನಲ್ಲಿ ಹಾಂಗ್‌ಕಾಂಗ್, ಸಿಂಗಾಪುರದಲ್ಲಿ ಭಾರತದ ಕೆಲವು ಮಸಾಲೆಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕ ಮೇಲೆ ಆ ಎರಡು ಕಡೆಗೂ ಅದರ ಪರೀಕ್ಷೆ ಕಡ್ಡಾಯವಾಯಿತು. ಬೋರ್ಡಿನ ಈಗಿನ ಪಟ್ಟಿ ನೋಡಿ, ಆ ದಿನಗಳನ್ನೂ ವೇಳಾಪಟ್ಟಿಯಲ್ಲಿ ಹಿಡಿಯಿರಿ.

ಹಂತ 7: ಸೂಕ್ಷ್ಮಾಣು ಕೊಲ್ಲುವ ವಿಧಾನ ದೇಶ ನೋಡಿ ಆರಿಸಿ

ಅಮೆರಿಕದಲ್ಲಿ ಮಸಾಲೆಗೆ ಎಥಿಲೀನ್ ಆಕ್ಸೈಡ್ ಬಳಸಬಹುದು, ಉಳಿಕೆ 7 ಪಿಪಿಎಂವರೆಗೆ, ಅಂದರೆ ಕಿಲೋಗೆ 7 ಮಿಲಿಗ್ರಾಂವರೆಗೆ, ನಡೆಯುತ್ತದೆ. ಯುರೋಪಿನ ಮಿತಿ 0.1. ಒಂದೇ ಯಂತ್ರದಲ್ಲಿ ಎರಡೂ ಕಡೆಯ ಮಾಲು ಹಾಯಿಸಿದರೆ ಯುರೋಪಿನ ಲಾಟಿಗೆ ಅದು ಅಂಟಿಕೊಳ್ಳುವ ಅಪಾಯ ಇದೆ. ಯುರೋಪಿಗೆ ಹಬೆಯ ವಿಧಾನವೇ ಸುರಕ್ಷಿತ. ಬಣ್ಣ ಸ್ವಲ್ಪ ಇಳಿಯಬಹುದು, ಅದನ್ನು ಗಿರಾಕಿಗೆ ಮೊದಲೇ ಹೇಳಿ. ವಿಕಿರಣ ವಿಧಾನಕ್ಕೆ ಯುರೋಪಿನಲ್ಲಿ ಅನುಮತಿ ಇದೆ. ಆದರೆ ಅವರು ಒಪ್ಪಿದ ಘಟಕದಲ್ಲೇ ಆಗಬೇಕು, ಲೇಬಲ್ಲಿನಲ್ಲಿ ಹೇಳಲೇಬೇಕು. ಹಾಗೆ ಬರೆದ ಮಾಲು ಬೇಡ ಎನ್ನುವ ಗಿರಾಕಿಗಳೇ ಜಾಸ್ತಿ.

ಹಂತ 8: ಪ್ಯಾಕಿಂಗ್, ಲೇಬಲ್, ಮರ

ಮಾಲು ಎಷ್ಟೇ ಚೆನ್ನಾಗಿದ್ದರೂ ಮರದ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಚಿತ್ರ ಇರುವ ಐಪಿಪಿಸಿ ಮುದ್ರೆ ಇಲ್ಲದಿದ್ದರೆ ಕಂಟೇನರ್ ನಿಲ್ಲುತ್ತದೆ. ಸಾಮಾನ್ಯವಾಗಿ ಮರದ ಒಳತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಟ್ಟಿದ್ದಾರೆ ಎಂಬುದಕ್ಕೆ ಆ ಮುದ್ರೆ ಸಾಕ್ಷಿ. ಕೊನೆಯ ಗಳಿಗೆಯಲ್ಲಿ ಹಮಾಲರು ಚೀಲ ಜಾರದಿರಲಿ ಎಂದು ಅಲ್ಲೇ ಬಿದ್ದ ಕಟ್ಟಿಗೆ ತುಂಡು ತುರುಕುತ್ತಾರೆ. ಅದಕ್ಕೂ ಮುದ್ರೆ ಬೇಕು. ತುಂಬುವಾಗ ನೀವೇ ಎದುರು ನಿಲ್ಲಿ.

ಸಮುದ್ರದಲ್ಲಿ ಹಗಲು ಕಾದು ರಾತ್ರಿ ತಣಿದು ಕಂಟೇನರಿನ ಚಾವಣಿಯಿಂದ ಒಳಗೇ ಹನಿ ಬೀಳುತ್ತದೆ. ಗೋಡೆಗೆ ಕ್ರಾಫ್ಟ್ ಕಾಗದ, ಮೇಲೆ ತೇವ ಹೀರುವ ಚೀಲಗಳು ಬೇಕೇಬೇಕು. ಹಳೆಯ ಕಂಟೇನರ್ ಆದರೆ ಒಳಗೆ ನಿಂತು ಬಾಗಿಲು ಮುಚ್ಚಿಸಿ ನೋಡಿ. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಬೇರೆ ಕಂಟೇನರ್ ಕೇಳಿ.

ಲೇಬಲ್ಲಿನ ಕರಡನ್ನು ಗಿರಾಕಿಯಿಂದ ಒಪ್ಪಿಸಿಕೊಂಡು ಆಮೇಲೆ ಅಚ್ಚು ಹಾಕಿಸಿ. ಲಾಟ್ ಸಂಖ್ಯೆ ಚೀಲ, ಲ್ಯಾಬ್ ರಿಪೋರ್ಟ್, ಪ್ಯಾಕಿಂಗ್ ಲಿಸ್ಟ್ ಮೂರರಲ್ಲೂ ಅಕ್ಷರಶಃ ಒಂದೇ ಇರಬೇಕು.

ಹಂತ 9: ಕಾಗದಗಳನ್ನು ಈ ಕ್ರಮದಲ್ಲಿ ಮಾಡಿಸಿ

ಮೊದಲು ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟಿನ ಕರಡು. ಅದರಲ್ಲಿರುವ ಹೆಸರು, ತೂಕ, ಲಾಟ್ ಸಂಖ್ಯೆ ಉಳಿದೆಲ್ಲ ಕಾಗದಕ್ಕೆ ಮೂಲ. ಆಮೇಲೆ ಬೋರ್ಡಿನ ಪರೀಕ್ಷೆಯ ರಿಪೋರ್ಟ್. ನಂತರ ಹುಳುವಿಗೆ ಫ್ಯೂಮಿಗೇಶನ್, ಅದರ ಸರ್ಟಿಫಿಕೇಟ್. ಆಮೇಲೆ ಸಸ್ಯ ಸಂಪರ್ಕ ನಿಷೇಧ ಇಲಾಖೆಯಿಂದ, ಅಂದರೆ ಪ್ಲಾಂಟ್ ಕ್ವಾರಂಟೈನಿನಿಂದ, ಮಾಲಿನಲ್ಲಿ ಕೀಟ, ರೋಗ ಇಲ್ಲ ಎನ್ನುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್. ಮೂಲ ದೇಶದ ಸರ್ಟಿಫಿಕೇಟ್, ಕಸ್ಟಮ್ಸಿಗೆ ಸಲ್ಲಿಸುವ ರಫ್ತು ಘೋಷಣೆಯಾದ ಶಿಪ್ಪಿಂಗ್ ಬಿಲ್ ಕೊನೆಗೆ.

ಯುರೋಪಿನಲ್ಲಿ ಹೆಚ್ಚಿನ ತಪಾಸಣೆಯ ಪಟ್ಟಿಯಲ್ಲಿರುವ ಮಾಲಿಗೆ ಗಿರಾಕಿ 'ಟ್ರೇಸಸ್' ಎಂಬ ವ್ಯವಸ್ಥೆಯಲ್ಲಿ ಮುಂಚಿತವಾಗಿ ಪ್ರವೇಶ ದಾಖಲೆ ಹಾಕಬೇಕು. ಅದು ಅವರ ಕೆಲಸ. ಆದರೂ ಹಾಕಿದ ಮೇಲೆ ಪ್ರತಿ ಕಳಿಸಿ ಎಂದು ಕೇಳಿ. ಅಮೆರಿಕಕ್ಕಾದರೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯಾದ ಎಫ್‌ಡಿಎಯಲ್ಲಿ ನಿಮ್ಮ ಘಟಕದ ನೋಂದಣಿ ಬೇಕು. ಸಮವರ್ಷಗಳ ಅಕ್ಟೋಬರಿನಿಂದ ಡಿಸೆಂಬರ್ ಒಳಗೆ ಅದನ್ನು ನವೀಕರಿಸಬೇಕು. ಇದನ್ನು ಮರೆತು ಜನವರಿಯಲ್ಲಿ ಪರದಾಡುವವರು ಬಹಳ. ಚೀನಾಕ್ಕೆ 2022ರಿಂದ ಅಲ್ಲಿನ ಕಸ್ಟಮ್ಸ್ ಇಲಾಖೆಯಲ್ಲಿ ನೋಂದಣಿ ಕಡ್ಡಾಯ.

ಮಾಮೂಲಿ ತಪ್ಪುಗಳು: ಒಂದರಲ್ಲಿ 'ಡ್ರೈ ಚಿಲ್ಲಿ', ಇನ್ನೊಂದರಲ್ಲಿ 'ರೆಡ್ ಚಿಲ್ಲಿ ಹೋಲ್'. ನಿವ್ವಳ ತೂಕದಲ್ಲಿ ಹತ್ತು ಕಿಲೋ ವ್ಯತ್ಯಾಸ. ಗಿರಾಕಿ ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟಿರುವುದು. ಕಸ್ಟಮ್ಸ್ ಏಜೆಂಟರು ನೋಡುತ್ತಾರೆ ಅಂತ ಬಿಡಬೇಡಿ. ಎಲ್ಲ ಕಾಗದ ಮೇಜಿನ ಮೇಲೆ ಸಾಲಾಗಿ ಹರಡಿ, ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ತಾಳೆ ನೋಡಿ. ಇಪ್ಪತ್ತು ನಿಮಿಷ ಸಾಕು.

ಕರಾರಿನಲ್ಲಿ ಒಂದು ಸಾಲು ಇರಲೇಬೇಕು: ಗುಣಮಟ್ಟದ ತಕರಾರು ಬಂದರೆ ಯಾವ ಲ್ಯಾಬಿನ ಫಲಿತಾಂಶ ಅಂತಿಮ, ವಾಪಸ್ ತರುವ ಅಥವಾ ನಾಶ ಮಾಡುವ ಖರ್ಚು ಯಾರದು. ಸರ್ಕಾರಿ ಕಂಪನಿ ಇಸಿಜಿಸಿಯ ರಫ್ತು ವಿಮೆ ಇದೆಯಲ್ಲ ಅಂತ ಕೆಲವರು ಧೈರ್ಯದಿಂದ ಇರುತ್ತಾರೆ. ಗಿರಾಕಿ ದಿವಾಳಿಯಾದರೆ ಅದು ನೆರವಿಗೆ ಬರುತ್ತದೆ. ಗುಣಮಟ್ಟದ ಜಗಳಕ್ಕೆ ಬರುವುದಿಲ್ಲ.

ಹಂತ 10: ಇಷ್ಟಾದರೂ ಮಾಲು ನಿಂತರೆ

ಮೊದಲ ದಿನವೇ ಮೂರು ಪ್ರಶ್ನೆಗೆ ಲಿಖಿತ ಉತ್ತರ ತರಿಸಿಕೊಳ್ಳಿ: ಏನು ಸಿಕ್ಕಿತು, ಎಷ್ಟು ಸಿಕ್ಕಿತು, ಯಾವ ಲಾಟಿನಲ್ಲಿ. ಕಾಗದದ ತಪ್ಪಾದರೆ ತಿದ್ದಿದ ಪ್ರತಿ ಕೊಟ್ಟು ಬಿಡಿಸಿಕೊಳ್ಳಲು ಅವಕಾಶ ಇರುತ್ತದೆ. ಪರೀಕ್ಷೆಯಲ್ಲಿ ಫೇಲ್ ಆಗಿದ್ದರೆ ಯುರೋಪಿನಲ್ಲಿ ನಿಮ್ಮ ಖರ್ಚಿನಲ್ಲಿ ಎರಡನೇ ತಜ್ಞರ ಅಭಿಪ್ರಾಯ ಕೇಳುವ ಹಕ್ಕಿದೆ. ಬೀರುವಿನಲ್ಲಿ ಇಟ್ಟ ಮೂರನೇ ಸ್ಯಾಂಪಲನ್ನು ಅದೇ ದಿನ ಇಲ್ಲಿ ಪರೀಕ್ಷೆಗೆ ಕೊಡಿ. ನಿಮ್ಮದೂ ಜಾಸ್ತಿ ಬಂದರೆ ಎರಡನೇ ಅಭಿಪ್ರಾಯಕ್ಕೆ ದುಡ್ಡು ಸುರಿಯಬೇಡಿ. ಬಂದರಿನ ಬಾಡಿಗೆ ದಿನದಿನಕ್ಕೂ ಏರುತ್ತಿರುತ್ತದೆ.

ಉಳಿಯುವ ದಾರಿ ಎರಡು, ವಾಪಸ್ ತರಿಸುವುದು ಅಥವಾ ಅಲ್ಲೇ ನಾಶ. ಸಡಿಲ ಮಿತಿಯ ಇನ್ನೊಂದು ದೇಶಕ್ಕೆ ತಿರುಗಿಸಿಬಿಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಆ ದೇಶದ ಮಿತಿಯೊಳಗೆ ಮಾಲು ನಿಜವಾಗಿಯೂ ಇದ್ದು, ಅಲ್ಲಿನ ಅಧಿಕಾರಿಗಳಿಗೆ ಎಲ್ಲ ಹೇಳಿ ಒಪ್ಪಿಸಿದ್ದರೆ ಮಾತ್ರ ಅದು ಸರಿ.

ಹಂತ 11: ನಿಯಮವೇ ಅನ್ಯಾಯ ಅನಿಸಿದರೆ ಕರಡಿನಲ್ಲೇ ಹಿಡಿಯಿರಿ

ಆರೋಗ್ಯ ಕಾಯುವ ನಿಯಮ ಯಾವುದು, ನಮ್ಮ ಮಾಲು ಬರದಿರಲಿ ಎಂದು ಇಟ್ಟ ನಿಯಮ ಯಾವುದು? ಗೆರೆ ಯಾವಾಗಲೂ ಸ್ಪಷ್ಟ ಇರುವುದಿಲ್ಲ. ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ, ಅದರ ಮಿತಿಯನ್ನು ನಾನು ಅನ್ಯಾಯ ಎನ್ನಲಾರೆ. ಆದರೆ ಅಲ್ಲಿನ ಹೊಲದಲ್ಲಿ ಬೇಡವಾದ ಔಷಧಕ್ಕೆ ಸರಿಯಾಗಿ ಅಧ್ಯಯನ ಮಾಡದೆ 0.01 ಇಟ್ಟುಬಿಟ್ಟರೆ ನಮ್ಮ ರೈತರಿಗೆ ಹೊಡೆತ ಬೀಳುತ್ತದೆ. ಅದನ್ನು ಪ್ರಶ್ನಿಸಲು ದಾರಿ ಇದೆ.

1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಎಸ್‌ಪಿಎಸ್ ಒಪ್ಪಂದದ (ಆಹಾರ ಸುರಕ್ಷತೆ, ಸಸ್ಯ-ಪ್ರಾಣಿ ಆರೋಗ್ಯದ ನಿಯಮಗಳ ಕುರಿತದ್ದು) ಪ್ರಕಾರ ಇಂಥ ನಿಯಮಕ್ಕೆ ವೈಜ್ಞಾನಿಕ ಆಧಾರ ಇರಬೇಕು. ಜಾರಿಗೆ ಮೊದಲು ಕರಡನ್ನು ಎಲ್ಲ ದೇಶಗಳಿಗೂ ತಿಳಿಸಬೇಕು. ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನ ಸಿಗುತ್ತದೆ. ನಿಮ್ಮ 'ಇಪಿಂಗ್' ಇಮೇಲ್ ಕೆಲಸಕ್ಕೆ ಬರುವುದು ಈಗ. ಕರಡು ಕಂಡ ವಾರವೇ ಸ್ಪೈಸಸ್ ಬೋರ್ಡಿಗೆ ಬರೆಯಿರಿ. ಆಹಾರ ಸುರಕ್ಷತೆಯ ವಿಷಯಕ್ಕೆ ಎಫ್‌ಎಸ್‌ಎಸ್‌ಎಐ, ಲೇಬಲ್ ಮತ್ತು ತಾಂತ್ರಿಕ ಮಾನದಂಡದ ವಿಷಯಕ್ಕೆ ಬಿಐಎಸ್ ಭಾರತದ ಕಡೆಯ ವಿಚಾರಣಾ ಕೇಂದ್ರಗಳು. ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರಕ್ಕೂ ಒಂದು ಪ್ರತಿ ಕಳಿಸಿ.

"ನಮಗೆ ಕಷ್ಟವಾಗುತ್ತದೆ" ಎಂದು ಬರೆದರೆ ಯಾರಿಗೂ ಅದನ್ನು ಹಿಡಿದು ವಾದಿಸಲು ಆಗುವುದಿಲ್ಲ. ನಿಮ್ಮ ಲಾಟ್ ಪುಸ್ತಕ ತೆಗೆಯಿರಿ. ಯಾವ ಔಷಧ, ಎಷ್ಟು ರೈತರು ಬಳಸುತ್ತಾರೆ, ಬದಲಿ ಇದೆಯೇ, ಕಳೆದ ಮೂರು ಹಂಗಾಮಿನ ಲ್ಯಾಬ್ ರಿಪೋರ್ಟಿನಲ್ಲಿ ಉಳಿಕೆ ಎಷ್ಟೆಷ್ಟು ಬಂದಿದೆ, ಬದಲಾಯಿಸಿಕೊಳ್ಳಲು ಎಷ್ಟು ಹಂಗಾಮು ಬೇಕು, ಇಷ್ಟನ್ನೂ ಅಂಕಿಗಳಲ್ಲಿ ಬರೆಯಿರಿ. ಸಂಸ್ಥೆಯ ಎಸ್‌ಪಿಎಸ್ ಸಮಿತಿ ವರ್ಷಕ್ಕೆ ಮೂರು ಸಲ ಸೇರುತ್ತದೆ. ಭಾರತದ ಪ್ರತಿನಿಧಿಗಳು ಅಲ್ಲಿ ತಕರಾರು ಎತ್ತುವಾಗ ಅವರ ಕೈಯಲ್ಲಿ ಇರಬೇಕಾದ ಕಾಗದ ಇದು. 60 ದಿನ ಮುಗಿಯಲು ಎರಡು ವಾರ ಇರುವಾಗಲೇ ನಿಮ್ಮ ಪತ್ರ ತಲುಪಿರಲಿ. ದೆಹಲಿಯಲ್ಲಿ ಎಲ್ಲರ ಅಭಿಪ್ರಾಯ ಸೇರಿಸಿ ಒಂದು ಉತ್ತರ ಮಾಡಲು ಅವರಿಗೂ ಅಷ್ಟು ದಿನ ಬೇಕು.